‘ಕೆಲಸಕ್ಕೆ ಹೋಗ್ತಾನೆ, ಮದುವೆನೂ ಆಗಿದೆ’ ಅಂದ ಮೇಲೆ ಕೇಳಬೇಕಾದ ಪ್ರಶ್ನೆಗಳು

ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯದ ಪ್ರಮಾಣಪತ್ರಕ್ಕೆಂದು ಆಸ್ಪತ್ರೆಗೆ ಬಂದ ಮನೆಯವರನ್ನು ಕೂರಿಸಿಕೊಂಡು ಮಾತಾಡುವ ನಮ್ಮಂಥವರಿಗೆ ಈ ನಾಲ್ಕು ಸಾಲು ಬಾಯಿಪಾಠ.

“ಮಗ ಕೆಲಸಕ್ಕೆ ಹೋಗ್ತಾರಾ ಅಮ್ಮಾ?”

“ಹೋಗ್ತಾನೆ ಸಾರ್. ದಿನಾ ಅವರಪ್ಪನ ಜೊತೆ ಅಂಗಡಿಗೆ ಹೋಗ್ತಾನೆ.”

“ಮದುವೆ?”

“ಆಗಿದೆ ಸಾರ್. ಒಂದು ಮಗು ಇದೆ.”

ಎರಡೂ ನಿಜವೇ. ಆದರೆ ಕೇಳಿದವರು ಇಷ್ಟಕ್ಕೇ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರೆ ಆ ಮನೆಗೆ ಅನ್ಯಾಯವಾಗುತ್ತದೆ. ಎಷ್ಟರಮಟ್ಟಿಗೆ ಎಂದು ಲೆಕ್ಕ ಹಾಕಿಯೇ ತೋರಿಸಬಹುದು.

ನಮ್ಮ ದೇಶದಲ್ಲಿ ಮಾನಸಿಕ ಕಾಯಿಲೆಯಿಂದ ಬರುವ ಅಂಗವೈಕಲ್ಯವನ್ನು ಅಳೆಯುವುದು ಐಡಿಯಾಸ್ ಎಂಬ ಮಾಪಕದಲ್ಲಿ. ಭಾರತೀಯ ಮನೋವೈದ್ಯರ ಸಂಘದ ಪುನರ್ವಸತಿ ಸಮಿತಿ ರೂಪಿಸಿದ್ದು, 2002ರಿಂದ ಬಳಕೆಯಲ್ಲಿದೆ. ಇದರಲ್ಲಿ ನಾಲ್ಕು ಬಾಬತ್ತು: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆ ಏನೂ ಇಲ್ಲದಿದ್ದರೆ 0, ಪೂರ್ತಿ ಕೈಬಿಟ್ಟು ಹೋಗಿದ್ದರೆ 4. ಇದರ ಮೇಲೆ ಕಾಯಿಲೆ ಎಷ್ಟು ಹಳೆಯದು ಎಂಬುದಕ್ಕೆ ಅಂಕ ಕೂಡುತ್ತಾರೆ: 2 ವರ್ಷದೊಳಗೆ 1, 2ರಿಂದ 5 ವರ್ಷಕ್ಕೆ 2, 6ರಿಂದ 10ಕ್ಕೆ 3, 10 ದಾಟಿದರೆ 4. ಒಟ್ಟು 20. ಇದರಲ್ಲಿ 7 ಬಂದರೆ ಶೇ. 40ರ ಗೆರೆ ಮುಟ್ಟಿದಂತೆ. 7ರಿಂದ 13ರವರೆಗೆ ಶೇ. 40–70, 14ರಿಂದ 19ರವರೆಗೆ ಶೇ. 71–99, 20 ಬಂದರೆ ಶೇ. 100. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಬಹುಪಾಲು ಸವಲತ್ತುಗಳು ಶುರುವಾಗುವುದೇ ಶೇ. 40ರಿಂದ.

ಈಗ ಏಳು ವರ್ಷದಿಂದ ಸ್ಕಿಜೋಫ್ರೀನಿಯಾ (ಇಲ್ಲದ ಧ್ವನಿ ಕೇಳುವ, ಬುಡವಿಲ್ಲದ ಸಂಶಯ ಕಾಡುವ ಕಾಯಿಲೆ) ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಆರೈಕೆ 1, ಮಾತು 1. ‘ಮದುವೆ ಆಗಿದೆ’ ಎಂದು ಒಡನಾಟಕ್ಕೆ 0, ‘ಕೆಲಸಕ್ಕೆ ಹೋಗ್ತಾರೆ’ ಎಂದು ಕೆಲಸಕ್ಕೂ 0. ಅವಧಿಗೆ 3. ಒಟ್ಟು 5, ಪ್ರಮಾಣಪತ್ರದಲ್ಲಿ ಶೇ. 40ಕ್ಕಿಂತ ಕಡಿಮೆ. ಅದೇ ವ್ಯಕ್ತಿಯ ಕೆಲಸವನ್ನೂ ಒಡನಾಟವನ್ನೂ ಬಿಡಿಸಿ ಕೇಳಿ ಎರಡಕ್ಕೂ 2 ಬಂತು ಎನ್ನಿ, ಒಟ್ಟು 9. ಕಾಯಿಲೆ ಅದೇ, ಮನುಷ್ಯ ಅದೇ. ಬಿಟ್ಟುಹೋದದ್ದು ಹತ್ತು ನಿಮಿಷದ ಮಾತು.

ಹಾಗಾದರೆ ಆ ಹತ್ತು ನಿಮಿಷದಲ್ಲಿ ಏನು ಕೇಳಬೇಕು?

ಅಂಗಡಿಗೆ ಹೋಗುತ್ತಾರೆ, ಸರಿ. ಎಷ್ಟು ಹೊತ್ತಿಗೆ ಏಳುತ್ತಾರೆ, ತಾವೇ ಏಳುತ್ತಾರೋ ಎಬ್ಬಿಸಬೇಕೋ? ಅಂಗಡಿಯಲ್ಲಿ ಕೂರುವುದು ಎಲ್ಲಿ, ಗಲ್ಲಾಪೆಟ್ಟಿಗೆ ಮುಂದೆಯೋ ಹಿಂದಿನ ಗೋಡೌನಿನಲ್ಲೋ? ಗಿರಾಕಿ ಬಂದು ಎರಡು ಸಾಮಾನು ಒಟ್ಟಿಗೆ ಕೇಳಿದರೆ ಕೊಡುತ್ತಾರಾ, ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯುತ್ತಾರಾ? ಚಿಲ್ಲರೆ ಲೆಕ್ಕ ಯಾರದ್ದು? ಅಪ್ಪ ಎರಡು ದಿನ ಊರಿಗೆ ಹೋದರೆ ಅಂಗಡಿ ತೆಗೆಯುತ್ತದಾ? ಈ ಕೊನೆಯ ಪ್ರಶ್ನೆಗೆ ಬಹಳ ಮನೆಗಳಲ್ಲಿ ಅಮ್ಮ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ನಿಜವಾದ ಚಿತ್ರ ಹೊರಗೆ ಬರುತ್ತದೆ: ಮಗ ಸ್ಟೂಲಿನ ಮೇಲೆ ಕೂತಿರುತ್ತಾನೆ, ಹೇಳಿದ ಡಬ್ಬ ತಂದುಕೊಡುತ್ತಾನೆ, ಮಧ್ಯಾಹ್ನ ಒಳಗೆ ಮಲಗುತ್ತಾನೆ, ದುಡ್ಡು ಮುಟ್ಟುವುದಿಲ್ಲ. ಅದೇ ಕೆಲಸಕ್ಕೆ ಹೊರಗಿನ ಅಂಗಡಿಯವರು ಒಂದು ವಾರ ಇಟ್ಟುಕೊಳ್ಳುತ್ತಾರಾ ಎಂದು ಕೇಳಿ ನೋಡಿದರೆ ಅಂಕ ತಾನಾಗಿ ಗೊತ್ತಾಗುತ್ತದೆ. ಹೊಲದ ಕೆಲಸವೂ ಹೀಗೆಯೇ. ಅಣ್ಣ ಪಕ್ಕದಲ್ಲಿ ನಿಂತು ಹೇಳಿದಷ್ಟು ಮಾಡುವುದು ಬೇರೆ, ನೀರು ಯಾವಾಗ ಬಿಡಬೇಕು ಎಂದು ತಾನೇ ತೀರ್ಮಾನಿಸುವುದು ಬೇರೆ. ಮನೆಯ ಆಸರೆ ಗಟ್ಟಿಯಾಗಿದ್ದಷ್ಟೂ ತೊಂದರೆ ಕಣ್ಣಿಗೆ ಬೀಳುವುದು ಕಡಿಮೆ. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಮನೆಯವರೇ ಅದಕ್ಕೆ ದಂಡ ತೆರಬಾರದು.

ಐಡಿಯಾಸ್‌ನಲ್ಲಿ ‘ಕೆಲಸ’ ಎಂದರೆ ಸಂಬಳದ ಕೆಲಸ ಮಾತ್ರ ಅಲ್ಲ. ಉದ್ಯೋಗ, ಮನೆವಾರ್ತೆ, ಓದು ಈ ಮೂರರಲ್ಲಿ ಆ ವ್ಯಕ್ತಿಗೆ ಯಾವುದು ಹೊಂದುತ್ತದೋ ಅದಕ್ಕೆ ಅಂಕ ಕೊಡಬೇಕು. ಗೃಹಿಣಿಗೆ ‘ಕೆಲಸ ಇಲ್ಲ’ ಎಂದು ಬರೆದು 4 ಹಾಕುವುದೂ ತಪ್ಪು, ‘ಮನೆಯಲ್ಲೇ ಇದ್ದಾರಲ್ಲ’ ಎಂದು 0 ಹಾಕುವುದೂ ತಪ್ಪು. ಒಲೆ ಹಚ್ಚಿ ಮರೆಯುತ್ತಾರಾ, ಅಡುಗೆ ಒಂದು ಹೊತ್ತು ಮಾಡಿ ಇನ್ನೊಂದು ಹೊತ್ತು ಅತ್ತೆ ಮಾಡುತ್ತಾರಾ, ಮಗುವನ್ನು ಶಾಲೆಗೆ ತಯಾರು ಮಾಡುವವರು ಯಾರು ಎಂದು ಕೇಳಬೇಕು. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಮದುವೆಯಾಗದ, ಒಂದು ದಿನವೂ ಸಂಬಳ ತರದ ಅಕ್ಕ ಹಾಸಿಗೆ ಹಿಡಿದ ತಾಯಿಯನ್ನು ತೊಳೆದು ಬಳಿದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ರೇಷನ್ ತಂದು ಮನೆ ನಡೆಸುತ್ತಿರುತ್ತಾಳೆ. ಕಾಗದದಲ್ಲಿ ‘ನಿರುದ್ಯೋಗಿ, ಅವಿವಾಹಿತೆ’. ಅವಳ ಸಾಮರ್ಥ್ಯ ಮಾತ್ರ ಅಂಗಡಿಯ ಸ್ಟೂಲಿನ ಮೇಲೆ ಕೂತಿರುವವರಿಗಿಂತ ಎಷ್ಟೋ ಪಾಲು ಮೇಲು.

ಮದುವೆಗೆ ಈ ಮಾಪಕದಲ್ಲಿ ಪ್ರತ್ಯೇಕ ಬಾಬತ್ತು ಇಲ್ಲ. ಗಂಡ ಹೆಂಡತಿ ಹೇಗಿದ್ದಾರೆ ಅನ್ನುವುದು ಒಡನಾಟದ ಅಂಕದೊಳಗೆ ಬರಬೇಕು. ಆದ್ದರಿಂದ ತಾಳಿ ಇದೆಯೋ ಇಲ್ಲವೋ ಅನ್ನುವುದನ್ನು ಬದಿಗಿಟ್ಟು, ದಿನಕ್ಕೆ ಎಷ್ಟು ಮಾತು, ಯಾರು ಮೊದಲು ಮಾತಾಡುತ್ತಾರೆ, ಮಗು ಬಿದ್ದು ಅತ್ತರೆ ಎತ್ತಿಕೊಳ್ಳುತ್ತಾರಾ, ಹೆಂಡತಿಗೆ ಜ್ವರ ಬಂದದ್ದು ಗಮನಕ್ಕೆ ಬರುತ್ತದಾ, ನೆಂಟರು ಬಂದರೆ ಎದ್ದು ಒಳಗೆ ಹೋಗುತ್ತಾರಾ ಎಂದು ಕೇಳಬೇಕು. ಹೆಂಡತಿ ಈಗ ಎಲ್ಲಿದ್ದಾರೆ ಎಂದೂ ಮೆಲ್ಲಗೆ ಕೇಳಬೇಕು. ‘ಮದುವೆ ಆಗಿದೆ’ ಎಂಬ ಉತ್ತರದ ಹಿಂದೆ ಮೂರು ವರ್ಷದಿಂದ ತವರಿನಲ್ಲಿರುವ ಹೆಂಡತಿ ಇರಬಹುದು. ಈ ಪ್ರಶ್ನೆಯನ್ನು ಅತ್ತೆಯ ಎದುರಿಗೆ ಸೊಸೆಗೆ, ಸೊಸೆಯ ಎದುರಿಗೆ ಅತ್ತೆಗೆ ಕೇಳಬಾರದು. ಒಬ್ಬೊಬ್ಬರನ್ನೇ ಕರೆದು ಕೇಳಬೇಕು, ಅದಕ್ಕೆ ಜಾಗ ಇಲ್ಲದಿದ್ದರೆ ಮೊಗಸಾಲೆಯ ತುದಿಗಾದರೂ ಕರೆದೊಯ್ಯಬೇಕು.

ಪ್ರಮಾಣಪತ್ರಕ್ಕೆ ಹೋಗುವ ಮನೆಯವರು ಮಾಡಿಕೊಳ್ಳಬಹುದಾದ ತಯಾರಿ ಇಷ್ಟು. ಅರ್ಜಿಯನ್ನು ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಜಾಲತಾಣದಲ್ಲಿ ಹಾಕಬೇಕು. ಹಳ್ಳಿಯಲ್ಲಿದ್ದರೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯೂ ಎಂದು ಕರೆಯುವವರನ್ನು ಹಿಡಿದರೆ ಅವರು ಹಾಕಿಕೊಡುತ್ತಾರೆ. ಚಿಕಿತ್ಸೆ ಶುರುವಾದ ಮೊದಲ ವರ್ಷದ ಚೀಟಿ ಹುಡುಕಿ ತೆಗೆಯಿರಿ. ಅವಧಿಯ ಅಂಕ ನಿಲ್ಲುವುದೇ ಆ ಚೀಟಿಯ ಮೇಲೆ. ಕಳೆದುಹೋಗಿದ್ದರೆ ಆಸ್ಪತ್ರೆಯ ಹಳೆಯ ಫೈಲ್ ನಂಬರ್ ಹೇಳಿ ನಕಲು ಕೇಳಿ. ಪ್ರಮಾಣಪತ್ರ ಕೊಡುವ ವೈದ್ಯರ ಬೋರ್ಡಿಗೆ ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಬರೆದಿಡಿ: ಎದ್ದ ಹೊತ್ತು, ಸ್ನಾನಕ್ಕೆ ಎಷ್ಟು ಸಲ ಹೇಳಬೇಕಾಯಿತು, ಏನು ಕೆಲಸ ಮಾಡಿದರು, ಯಾರ ಜೊತೆ ಮಾತಾಡಿದರು. ಒಳ್ಳೆಯ ದಿನಗಳನ್ನೂ ಬರೆಯಿರಿ. ಅವಿಲ್ಲದ ನೋಟ್‌ಬುಕ್ಕನ್ನು ಯಾರೂ ನಂಬುವುದಿಲ್ಲ.

ಮತ್ತೊಂದು ಮಾತು, ಹೇಳಲು ಸಂಕಟವಾಗುವಂಥದ್ದು. ಬೋರ್ಡಿನ ದಿನ ಬೆಳಿಗ್ಗೆ ಅಮ್ಮ ತಾವೇ ನಿಂತು ಸ್ನಾನ ಮಾಡಿಸಿ, ಗಡ್ಡ ತೆಗೆಸಿ, ಇಸ್ತ್ರಿ ಅಂಗಿ ಹಾಕಿ ಕರೆದುಕೊಂಡು ಬರುತ್ತಾರೆ. ದೊಡ್ಡ ಡಾಕ್ಟರ ಮುಂದೆ ಮಗ ಕೊಳಕಾಗಿ ನಿಲ್ಲಬಾರದು ಎಂಬ ಮರ್ಯಾದೆ. ಆರೈಕೆಗೆ 0 ಬೀಳುತ್ತದೆ. ಹಾಗೆಂದು ಗಲೀಜಾಗಿ ಕರೆದುಕೊಂಡು ಬನ್ನಿ ಎಂದು ನಾವು ಹೇಳುವುದಿಲ್ಲ. ‘ಇವತ್ತು ನಾನೇ ಸ್ನಾನ ಮಾಡಿಸಿದೆ, ಇಲ್ಲದಿದ್ದರೆ ವಾರಕ್ಕೊಮ್ಮೆ’ ಎಂದು ಬಾಯಿಬಿಟ್ಟು ಹೇಳಿ ಎಂದಷ್ಟೇ ಹೇಳಿಕೊಡುತ್ತೇವೆ.

ಇನ್ನು ಕೆಲಸಕ್ಕೆ ಮರಳುವ ದಾರಿ. ಬಹಳ ಮನೆಗಳಲ್ಲಿ, ಕೆಲವು ಆಸ್ಪತ್ರೆಗಳಲ್ಲೂ ‘ಪೂರ್ತಿ ಹುಷಾರಾಗಲಿ, ಆಮೇಲೆ ಕೆಲಸ’ ಎನ್ನುತ್ತಾರೆ. ಆ ‘ಆಮೇಲೆ’ ಐದು ವರ್ಷವಾದರೂ ಬರುವುದಿಲ್ಲ. ಕೆಲಸಕ್ಕೆ ಅಡ್ಡಿ ಬರುವುದು ಎಲ್ಲರೂ ಅಂದುಕೊಂಡಂತೆ ಕಿವಿಯಲ್ಲಿ ಕೇಳುವ ಧ್ವನಿಗಳಲ್ಲ. ಧ್ವನಿ ಸಣ್ಣಗೆ ಕೇಳುತ್ತಿದ್ದರೂ ದಿನಪೂರ್ತಿ ದುಡಿಯುವವರಿದ್ದಾರೆ. ಹೆಚ್ಚು ಅಡ್ಡಿಯಾಗುವುದು ಉತ್ಸಾಹವೇ ಬತ್ತಿಹೋಗುವುದು, ಗಮನ ನಿಲ್ಲದಿರುವುದು, ಹೇಳಿದ್ದು ನೆನಪಿನಲ್ಲಿ ಉಳಿಯದಿರುವುದು, ಕೈ ನಿಧಾನವಾಗುವುದು. ಇವು ಕಾಯಿಲೆಯ ಭಾಗ. ಮನೆಯಲ್ಲಿ ಇವಕ್ಕೆ ಇಟ್ಟ ಹೆಸರು ಮಾತ್ರ ‘ಸೋಮಾರಿತನ’. ಧ್ವನಿಗಳನ್ನು ಮಾತ್ರೆ ಬೇಗ ತಗ್ಗಿಸುತ್ತದೆ, ಇವುಗಳನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಹಾಗಾಗಿ ಇವು ಹೋಗಲಿ ಎಂದು ಕಾಯದೆ, ಇವುಗಳನ್ನು ಇಟ್ಟುಕೊಂಡೇ ಮಾಡಬಹುದಾದ ಕೆಲಸ ಹುಡುಕಬೇಕು. ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ ಅಲ್ಲಿಯೇ ಜೊತೆಗಿದ್ದು ಕಲಿಸುವ ಕ್ರಮ, ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವ ಕ್ರಮಕ್ಕಿಂತ ಚೆನ್ನಾಗಿ ಫಲ ಕೊಡುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹೊರಗೆ ಕೆಲಸ ಸಿಗದವರಿಗೆ ನಮ್ಮ ರಾಜ್ಯದಲ್ಲಿ ಮಾನಸಧಾರ ಹಗಲು ಆರೈಕೆ ಕೇಂದ್ರಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿಯೇ ನಡೆಯುತ್ತದೆ.

ಶುರು ಹೇಗೆ? ದಿನಕ್ಕೆ ಎರಡು ತಾಸು, ವಾರಕ್ಕೆ ಮೂರು ದಿನ. ಎರಡು ವಾರ ತಪ್ಪದೆ ಹೋದರೆ ಅರ್ಧ ತಾಸು ಏರಿಸಿ. ದಿನಗಳನ್ನೂ ತಾಸುಗಳನ್ನೂ ಒಟ್ಟಿಗೆ ಏರಿಸಬೇಡಿ. ಒಂದು ಕೆಲಸವನ್ನು ನಾಲ್ಕೈದು ಹೆಜ್ಜೆಯಾಗಿ ಒಡೆದು ಒಂದು ಕಾರ್ಡಿನ ಮೇಲೆ ಬರೆದುಕೊಟ್ಟರೆ ನೆನಪಿನ ಹೊರೆ ಅರ್ಧ ಇಳಿಯುತ್ತದೆ. ‘ಗೋಡೌನ್ ಸರಿ ಮಾಡು’ ಎಂದರೆ ನಿಂತುಬಿಡುತ್ತಾರೆ. ‘ಖಾಲಿ ಡಬ್ಬ ಬಾಗಿಲ ಹತ್ತಿರ ಇಡು, ನೆಲ ಗುಡಿಸು, ತುಂಬಿದ ಚೀಲ ಬಲಗಡೆ ಜೋಡಿಸು’ ಎಂದರೆ ಮುಗಿಸಿ ಬರುತ್ತಾರೆ.

ಮಾತ್ರೆಯ ಸಂಗತಿಯನ್ನು ಕೆಲಸದ ಸಂಗತಿಯ ಜೊತೆಯಲ್ಲೇ ಡಾಕ್ಟರ ಹತ್ತಿರ ಮಾತಾಡಬೇಕು. ಓಲಾಂಜಪಿನ್, ಕ್ಲೋಜಪಿನ್ ಮಂಪರು ತರುತ್ತವೆ. ಬೆಳಗಿನ ಪಾಲನ್ನು ರಾತ್ರಿಗೆ ಸೇರಿಸಬಹುದೇ ಎಂದು ಕೇಳಿ, ನೀವಾಗಿಯೇ ಬದಲಿಸಬೇಡಿ. ಹತ್ತು ಗಂಟೆಗೆ ಶುರುವಾಗುವ ಕೆಲಸ ಒಗ್ಗುವವರಿಗೆ ಆರು ಗಂಟೆಯ ಪಾಳಿ ಒಗ್ಗುವುದಿಲ್ಲ. ಬೈಪೋಲಾರ್ (ಮನಸ್ಸು ಕೆಲವು ಕಾಲ ಉನ್ಮಾದಕ್ಕೆ ಏರಿ, ಕೆಲವು ಕಾಲ ಕುಗ್ಗಿಹೋಗುವ ಕಾಯಿಲೆ) ಇರುವವರಿಗೆ ರಾತ್ರಿ ಪಾಳಿ ಬೇಡವೇ ಬೇಡ, ನಿದ್ದೆ ಕೆಟ್ಟರೆ ಉನ್ಮಾದ ಮರಳಬಹುದು. ಕೆಲವು ಮಾತ್ರೆ, ಸೂಜಿಗಳಿಂದ ಕಾಲಿನಲ್ಲಿ ತಡೆಯಲಾರದ ಚಡಪಡಿಕೆ ಹುಟ್ಟುತ್ತದೆ, ಐದು ನಿಮಿಷ ಕೂರಲಾಗುವುದಿಲ್ಲ. ಯಜಮಾನರಿಗೆ ಇದು ‘ಕೆಲಸದಲ್ಲಿ ಮನಸ್ಸಿಲ್ಲ’ ಎಂದು ಕಾಣುತ್ತದೆ, ಕೆಲಸ ಹೋಗುತ್ತದೆ. ಡಾಕ್ಟರಿಗೆ ಹೇಳಿದ್ದರೆ ಪ್ರಮಾಣ ತಗ್ಗಿಸಿ ಅಥವಾ ಇನ್ನೊಂದು ಮಾತ್ರೆ ಸೇರಿಸಿ ಸರಿ ಮಾಡಬಹುದಾದ ತೊಂದರೆ ಅದು. ಟೈಲರಿಂಗ್ ಮಾಡುವವರಿಗೆ, ಲೆಕ್ಕ ಬರೆಯುವವರಿಗೆ ಕೈನಡುಕವೂ ಹೀಗೆಯೇ ಕಾಡುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಲ್ಲಿ ದುಡಿದು, ನೀರು ಸರಿಯಾಗಿ ಕುಡಿಯದೆ, ಸಂಜೆ ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಮಟ್ಟ ನೋಡುವ ರಕ್ತವನ್ನು ಕೊನೆಯ ಮಾತ್ರೆಯ 12 ತಾಸಿನ ಮೇಲೆ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಹೋದರೆ ಲೆಕ್ಕ ತಪ್ಪಾಗುತ್ತದೆ.

ಕೆಲಸ ಮುರಿದುಬೀಳುವುದು ಮೊದಲ ವಾರದಲ್ಲಿ ಎಂದು ಎಲ್ಲರೂ ಹೆದರುತ್ತಾರೆ. ನಾವು ಹೆಚ್ಚಾಗಿ ನೋಡುವುದು ಎರಡನೇ, ಮೂರನೇ ತಿಂಗಳಲ್ಲಿ. ಮೊದಲ ಸಂಬಳ ಬಂದಿರುತ್ತದೆ, ಮನೆಯಲ್ಲಿ ಹಬ್ಬದ ಸಂಭ್ರಮ, ‘ಇನ್ನೇನು ಸರಿಹೋದ’ ಎಂದು ಯಾರೋ ಅನ್ನುತ್ತಾರೆ, ಮಾತ್ರೆ ನಿಲ್ಲುತ್ತದೆ. ನಿಂತ ಮರುದಿನವೇ ಏನೂ ಆಗುವುದಿಲ್ಲ, ಕೆಲವು ವಾರ ಚೆನ್ನಾಗಿಯೇ ಇರುತ್ತಾರೆ, ಮಂಪರು ಹೋಗಿ ಇನ್ನೂ ಚುರುಕಾಗಿ ಕಾಣುತ್ತಾರೆ. ಅದೇ ಮೋಸ. ಮೊದಲ ಸಂಬಳದ ದಿನ ನಾವು ಮನೆಗೆ ಫೋನ್ ಮಾಡುವುದು ಅಭಿನಂದನೆಗೆ ಮಾತ್ರವಲ್ಲ, ಮಾತ್ರೆಯ ಪಟ್ಟಿ ಎಣಿಸಿ ಹೇಳಿ ಎನ್ನುವುದಕ್ಕೂ.

ಸರ್ಕಾರಿ ನೌಕರಿಯಲ್ಲಿರುವಾಗ ಕಾಯಿಲೆ ಬಂದವರು ಹೆದರಿ ರಾಜೀನಾಮೆ ಬರೆದುಕೊಡಬಾರದು. 2016ರ ಕಾಯ್ದೆಯ 20ನೇ ಕಲಂ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು.

ಮದುವೆಯ ವಿಷಯಕ್ಕೆ ಬಂದರೆ, ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂದು ಯೋಚಿಸಿದ್ದೇವೆ. ಮದುವೆಯಾಗಿ ಚೆನ್ನಾಗಿರುವವರನ್ನು ಜನ ನೋಡಿರುತ್ತಾರೆ. ಆದರೆ ಕಾಯಿಲೆ ಹಗುರವಾಗಿದ್ದವರಿಗೇ ಮದುವೆ ಕೂಡಿಬರುತ್ತದೆ, ಕಾಯಿಲೆ ತಡವಾಗಿ ಬಂದವರಿಗೆ ಅದಕ್ಕೆ ಮೊದಲೇ ಮದುವೆಯಾಗಿರುತ್ತದೆ. ಸ್ಕಿಜೋಫ್ರೀನಿಯಾ ಗಂಡಸರಲ್ಲಿ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ಶುರುವಾಗುತ್ತದೆ. ಹಾಗಾಗಿ ಹೆಂಗಸರಲ್ಲಿ ಮದುವೆಯಾದವರು ಹೆಚ್ಚು, ಗಂಡ ಬಿಟ್ಟವರೂ ಹೆಚ್ಚು. ಸ್ಕಿಜೋಫ್ರೀನಿಯಾ ಇರುವವರಿಗಾಗಿ ಕೆಲಸ ಮಾಡುವ ಚೆನ್ನೈನ ಸ್ಕಾರ್ಫ್ ಸಂಸ್ಥೆ ಇಂಥ ಹೆಂಗಸರನ್ನು ಮಾತಾಡಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನವರಿಗೆ ಕಾನೂನುಬದ್ಧ ವಿಚ್ಛೇದನವೇ ಆಗಿರಲಿಲ್ಲ, ಸುಮ್ಮನೆ ತವರಿಗೆ ಕಳಿಸಲಾಗಿತ್ತು. ಇವರನ್ನು ಕಾಗದದಲ್ಲಿ ‘ವಿವಾಹಿತೆ’ ಎಂದೇ ಬರೆಯಬೇಕಾಗುತ್ತದೆ.

ಮುಚ್ಚಿಟ್ಟು ಮಾಡಿದ ಮದುವೆ ಹೇಗೆ ಮುರಿಯುತ್ತದೆ ಎಂಬುದಕ್ಕೆ ಒಂದು ಜಾಡು ಇದೆ. ಓಡಾಟ, ಶಾಸ್ತ್ರ, ನೆಂಟರ ಗದ್ದಲದಲ್ಲಿ ಮೂರು ನಾಲ್ಕು ರಾತ್ರಿ ನಿದ್ದೆಯಿಲ್ಲ. ಹೊಸ ಮನೆಯಲ್ಲಿ ಮಾತ್ರೆ ಎಲ್ಲಿಟ್ಟುಕೊಳ್ಳುವುದು ಎಂದು ಗೊತ್ತಾಗದೆ ಒಂದು ಹೊತ್ತು ತಪ್ಪುತ್ತದೆ, ಆಮೇಲೆ ಪೂರ್ತಿ ನಿಲ್ಲುತ್ತದೆ. ಕಾಯಿಲೆ ಮರಳಿದಾಗ ಜೊತೆಗಿರುವ ಗಂಡನಿಗೋ ಹೆಂಡತಿಗೋ ಇದು ಏನೆಂದೇ ಗೊತ್ತಿರುವುದಿಲ್ಲ. ಆಸ್ಪತ್ರೆಯ ಹಳೆಯ ಚೀಟಿ ಕೈಗೆ ಸಿಗುತ್ತದೆ. ಆಗ ಸಿಟ್ಟು ಬರುವುದು ಕಾಯಿಲೆಯ ಮೇಲಲ್ಲ, ಮುಚ್ಚಿಟ್ಟದ್ದರ ಮೇಲೆ. ಆ ಸಿಟ್ಟು ನ್ಯಾಯವಾದದ್ದೇ ಎಂದು ನಾವು ಎರಡೂ ಕಡೆಯವರಿಗೆ ಹೇಳುತ್ತೇವೆ.

ಕಾನೂನು ಕೂಡ ಕಾಯಿಲೆಯ ಹೆಸರಿಗಿಂತ ಅದರ ಪ್ರಮಾಣವನ್ನೇ ನೋಡುತ್ತದೆ. ಹಿಂದೂ ವಿವಾಹ ಕಾಯ್ದೆ, 1955ರ 5ನೇ ಕಲಂ ಮಾನಸಿಕ ಕಾಯಿಲೆ ಇರುವವರೆಲ್ಲ ಮದುವೆಯಾಗಬಾರದು ಎನ್ನುವುದಿಲ್ಲ. ಒಪ್ಪಿಗೆ ಕೊಡುವ ಶಕ್ತಿ ಇದೆಯೇ, ಕಾಯಿಲೆ ಸಂಸಾರ ಮಾಡಲಾಗದಷ್ಟು ಇದೆಯೇ ಎಂದು ಕೇಳುತ್ತದೆ. ವಿಚ್ಛೇದನಕ್ಕೂ ಸ್ಕಿಜೋಫ್ರೀನಿಯಾ ಎಂಬ ಹೆಸರೊಂದೇ ಸಾಲದು, ಜೊತೆಯಲ್ಲಿ ಬಾಳಲಾಗದಷ್ಟು ತೀವ್ರವಿದೆ ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು, 2013ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಆದರೆ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಮಾಡಿದ ಮದುವೆಯನ್ನು ವಂಚನೆ ಎಂದು ರದ್ದುಪಡಿಸಿಕೊಳ್ಳಲು, ಅದು ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು.

ಆದ್ದರಿಂದ ಮದುವೆ ಯೋಚಿಸುವ ಮನೆಯವರಿಗೆ ನಾವು ಕೇಳುವುದು ಇಷ್ಟು. ಕಳೆದ ಒಂದು ವರ್ಷ ಆಸ್ಪತ್ರೆಗೆ ಸೇರದೆ ಇದ್ದಾರಾ? ಮಾತ್ರೆಯನ್ನು ತಾವೇ ತೆಗೆದುಕೊಳ್ಳುತ್ತಾರಾ, ಅಮ್ಮ ಕೈಗಿಡಬೇಕಾ? ಮದುವೆ ಅವರಿಗೆ ಬೇಕಾ? ಈ ಕೊನೆಯದನ್ನು ಅವರನ್ನೇ ಕೇಳಿದವರು ಅಪರೂಪ. ನಿಶ್ಚಯಕ್ಕೆ ಮೊದಲು ಹುಡುಗ, ಹುಡುಗಿ ಇಬ್ಬರೂ ಒಟ್ಟಿಗೆ ಒಮ್ಮೆ ಡಾಕ್ಟರನ್ನು ನೋಡಿದರೆ ಒಳ್ಳೆಯದು. ಹೆಣ್ಣುಮಕ್ಕಳು ಬೈಪೋಲಾರ್‌ಗೆ ವಾಲ್ಪ್ರೊಯೇಟ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮದುವೆಗೆ ಮೊದಲೇ ಬದಲಿಸುವ ಮಾತಾಡಬೇಕು. ಗರ್ಭ ನಿಂತ ನಾಲ್ಕು ವಾರದೊಳಗೆ ಮಗುವಿನ ಮಿದುಳು, ಬೆನ್ನುಹುರಿಯ ಕೊಳವೆ ಕೂಡಿಕೊಳ್ಳುತ್ತದೆ, ಈ ಮಾತ್ರೆ ಅದಕ್ಕೆ ಅಡ್ಡಿಯಾಗಬಹುದು, ಮುಟ್ಟು ತಪ್ಪಿದ್ದು ಗಮನಕ್ಕೆ ಬರುವ ಹೊತ್ತಿಗೆ ತಡವಾಗಿರುತ್ತದೆ. ರಿಸ್ಪೆರಿಡೋನ್‌ನಂಥ ಮಾತ್ರೆಗಳಿಂದ ಮುಟ್ಟು ಏರುಪೇರಾಗಬಹುದು, ಗಂಡಸರಲ್ಲಿ ಕಾಮಾಸಕ್ತಿ ಕುಗ್ಗಬಹುದು. ನಾಚಿಕೆಯಿಂದ ಇದನ್ನು ಯಾರಿಗೂ ಹೇಳದೆ ಮಾತ್ರೆ ಬಿಡುವವರು ಬಹಳ. ಬಾಣಂತನದ ಮೊದಲ ಕೆಲವು ವಾರ ಕಾಯಿಲೆ ಮರಳುವ ಅಪಾಯ, ಅದರಲ್ಲೂ ಬೈಪೋಲಾರ್‌ನಲ್ಲಿ, ತುಂಬಾ ಹೆಚ್ಚು. ರಾತ್ರಿ ಮಗು ಅತ್ತಾಗ ಎತ್ತಿಕೊಳ್ಳುವ ಪಾಳಿ ಯಾರ್ಯಾರದ್ದು ಎಂಬುದು ಹೆರಿಗೆಗೆ ಮೊದಲೇ ತೀರ್ಮಾನವಾಗಿರಬೇಕು.

ಮದುವೆಯಾಗಿ ಮೊದಲ ಸಲ ಇಬ್ಬರೂ ಒಪಿಡಿಗೆ ಬಂದಾಗ ಗಂಡ ಅಥವಾ ಹೆಂಡತಿಯ ಕೈಗೆ ಒಂದು ಹಾಳೆ ಕೊಡುತ್ತೇವೆ. ಮೇಲ್ಭಾಗದಲ್ಲಿ ಮಾತ್ರೆಯ ಹೆಸರು, ಹೊತ್ತು, ಪ್ರಮಾಣ. ಕೆಳಗೆ ಆ ವ್ಯಕ್ತಿಗೆ ಹಿಂದಿನ ಸಲ ಕಾಯಿಲೆ ಮರಳುವ ಮುಂಚೆ ಕಂಡ ಮೂರು ಲಕ್ಷಣ, ಅವರ ಮಾತಿನಲ್ಲೇ: ‘ಎರಡು ರಾತ್ರಿ ನಿದ್ದೆ ಬರಲ್ಲ’, ‘ಟಿವಿಯವರು ನನ್ನ ಬಗ್ಗೆ ಮಾತಾಡ್ತಾರೆ ಅನ್ಸುತ್ತೆ’, ‘ಊಟ ಬೇರೆ ತಟ್ಟೆಯಲ್ಲಿ ಬೇಕು ಅಂತೀನಿ’. ಕೊನೆಯಲ್ಲಿ ನಮ್ಮ ವಾರ್ಡಿನ ನಂಬರ್, ಮತ್ತು ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416. ಹಾಳೆಯನ್ನು ಬೀರುವಿನ ಒಳಬಾಗಿಲಿಗೆ ಅಂಟಿಸಿ ಎನ್ನುತ್ತೇವೆ, ಬಂದವರಿಗೆ ಕಾಣಬಾರದು, ಅವರಿಬ್ಬರಿಗೂ ದಿನಾ ಕಾಣಬೇಕು.